ನಮ್ಮ ಮನೆತನವೆಲ್ಲ ಸೇರಿ ‘ವೂ’ ಮಾಡಿದ್ದು

ಗಣಿತ ಕಲಿಸುವ ಮಾಸ್ತರರನ್ನು ಮದುವೆ ಮನೆಯಲ್ಲಿ ಅಡ್ಡಗಟ್ಟಿ ಯಾರೂ ಪ್ರಮೇಯ ಕೇಳುವುದಿಲ್ಲ. ಸಮಾಜ ವಿಜ್ಞಾನದವರನ್ನು ಊಟದ ಪಂಕ್ತಿಯಲ್ಲಿ ಹಿಡಿದು ಖಂಡಗಳ ಹೆಸರು ಹೇಳಿಸುವುದಿಲ್ಲ. ಆ ಭಾಗ್ಯ ಇಂಗ್ಲಿಷ್ ಕಲಿಸುವವರಿಗೆ ಮಾತ್ರ. ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಹೀಗಾಗಿ ನಾನು ಇಡೀ ಓಣಿಗೆ ಅಕ್ಕ. ಓಣಿಯಲ್ಲಿ ಇಂಗ್ಲಿಷಿನಲ್ಲಿ ಏನೇ ನಡೆದರೂ ಅದಕ್ಕೆ ನಾನೇ ಜವಾಬ್ದಾರಿ. ಬಾಜೂ ಮನೆಗೆ ಹೊಸ ಮಿಕ್ಸರ್ ಬಂದರೆ ಅದರ ಜೊತೆಗಿನ ಪುಸ್ತಕ ಮೊದಲು ನನ್ನ ಮನೆಗೆ ಬರುತ್ತದೆ. ಮಾತ್ರೆಯ ಡಬ್ಬಿಯೊಳಗೆ ಹದಿನಾರು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಆ ಕಾಗದವನ್ನು ಬಿಡಿಸಿಕೊಂಡು ಬಂದು, “ಅಕ್ಕೋರ, ಇದರಾಗ ಏನ್ ಬರದಾರ ನೋಡ್ರಿ, ಇದನ್ನ ನುಂಗಿದ್ರ ನಮ್ಮವ್ವ ಉಳೀತಾಳಿಲ್ಲೋ?” ಎಂದು ಕೇಳುತ್ತಾರೆ. ಅದರಲ್ಲಿ ಬರೆದದ್ದನ್ನು ಇದ್ದಕ್ಕಿದ್ದಂತೆ ಹೇಳಿದರೆ ಆ ಅವ್ವ ಕೇಳಿಯೇ ಹೋದಾಳು. ಆದ್ದರಿಂದ, “ಎಲ್ಲಾ ಚಲೋ ಬರದಾರ, ಊಟಾದ ಮ್ಯಾಲ ಕೊಡ್ರಿ” ಎಂದು ಹೇಳಿ ಕಳಿಸುತ್ತೇನೆ.

ಇಷ್ಟೆಲ್ಲ ಧೈರ್ಯವಿರುವ ನನಗೂ ಒಂದು ಇಂಗ್ಲಿಷ್ ಕ್ರಿಯಾಪದದ ಹೆದರಿಕೆ ಇತ್ತು. ಅದು ‘ವೂ’, ಡಬ್ಲ್ಯೂ ಮುಂದೆ ಎರಡು ಓ. ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವ ಶಬ್ದ. ನಿಘಂಟಿನಲ್ಲಿ ‘ಪ್ರಣಯ ಯಾಚಿಸು’ ಎಂಬ ಅರ್ಥವಿದೆ. ಹಾಗೆಂದು ಬೋರ್ಡಿನ ಮೇಲೆ ಬರೆದರೆ ಯಾರೋ ತಟ್ಟೆ ಹಿಡಿದು ಮನೆ ಮನೆ ತಿರುಗುತ್ತಿರುವ ಚಿತ್ರ ಹುಡುಗರ ಕಣ್ಣಿಗೆ ಬರುತ್ತದೆ. ‘ಒಲಿಸಿಕೊಳ್ಳು’ ಎಂದರೆ ಕೊನೆಯ ಬೆಂಚು ಪೂರ್ತಿ ಎಚ್ಚರವಾಗುತ್ತದೆ. ವರ್ಷವಿಡೀ ವ್ಯಾಕರಣಕ್ಕೆ ಕೊಡದ ಗಮನವನ್ನು ಆ ಒಂದು ಕ್ಷಣಕ್ಕೆ ಕೊಡುತ್ತದೆ. “ಒಂದು ವಾಕ್ಯದಾಗ ಹಾಕಿ ಹೇಳ್ರಿ ಅಕ್ಕೋರ” ಎನ್ನುತ್ತಾರೆ, ಮುಖದಲ್ಲಿ ಭಾರೀ ಜ್ಞಾನದಾಹ. ಅದಕ್ಕಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಇಂಗ್ಲಿಷ್ ಪೇಪರಿನವರು ಈ ಶಬ್ದವನ್ನು ಎಲ್ಲೆಂದರಲ್ಲಿ ಬಳಸುತ್ತಾರಲ್ಲ, ಅದನ್ನೇ ಹೇಳುತ್ತಿದ್ದೆ. ಚುನಾವಣೆ ಬಂದಾಗ ಪಕ್ಷಗಳು ಮತದಾರರನ್ನು ವೂ ಮಾಡುತ್ತವೆ. ಕಬ್ಬು ಕಡಿಮೆ ಇದ್ದ ವರ್ಷ ಸಕ್ಕರೆ ಕಾರ್ಖಾನೆಗಳು ರೈತರನ್ನು ವೂ ಮಾಡುತ್ತವೆ. ಕಬ್ಬು ಎಂದ ಕೂಡಲೇ ಹುಡುಗರಿಗೆ ತಿಳಿಯುತ್ತದೆ, ಹುಡುಗಿಯರು ತಗ್ಗಿಸಿದ ತಲೆ ಮೇಲೆತ್ತುತ್ತಾರೆ, ಹೆಡ್ ಮಾಸ್ತರರು ವರಾಂಡದಲ್ಲಿ ಹಾದುಹೋದರೂ ಆತಂಕವಿಲ್ಲ. ಕೊನೆಯ ಬೆಂಚು ಮತ್ತೆ ಮಲಗುತ್ತದೆ.

ನನ್ನ ಹೆದರಿಕೆಗೆ ಇನ್ನೊಂದು ಕಾರಣವೂ ಉಂಟು. ಕ್ರಿಯಾಪದ ಕಲಿಸುವವರಿಗೆ ಆ ಕ್ರಿಯೆಯ ಅನುಭವ ಸ್ವಲ್ಪವಾದರೂ ಇರಬೇಕಲ್ಲ. ನನಗೆ ಅದಿಲ್ಲ. ನಮ್ಮ ಯಜಮಾನರು ನನ್ನನ್ನು ನೋಡಲು ಬಂದಾಗ ನಾನು ಅವಲಕ್ಕಿ ತಟ್ಟೆ ಹಿಡಿದು ಪಡಸಾಲೆಗೆ ಬಂದೆ. ಎದುರಿಗೆ ಮೂವರು ಗಂಡಸರು ಕುಳಿತಿದ್ದರು. ಅವರಲ್ಲಿ ಯಾರು ವರ, ಯಾರು ವರನ ಗೆಳೆಯ, ಯಾರು ವರನ ಅಣ್ಣ ಎಂಬುದು ತಲೆ ಬಗ್ಗಿಸಿದ ನನಗೆ ತಿಳಿಯಲಿಲ್ಲ. ತಿಳಿದದ್ದು ಮದುವೆ ನಿಶ್ಚಯವಾದ ಮೇಲೆ. ಆಮೇಲೆ ಇವರನ್ನು ಕೇಳಿದೆ, “ಅವತ್ತ ನನ್ನ ನೋಡಿ ಏನ್ ಅನಿಸ್ತ್ರಿ?” ಇವರು ಬಹಳ ಹೊತ್ತು ಯೋಚಿಸಿ, “ಅವಲಕ್ಕಿ ಚಲೋ ಆಗಿತ್ತು” ಎಂದರು. ಆ ಅವಲಕ್ಕಿ ಮಾಡಿದ್ದು ನಮ್ಮವ್ವ. ಇವರು ಸಜ್ಜನರು, ಜಗಳವಾಡುವವರಲ್ಲ, ಸಂಸಾರಕ್ಕೆ ಏನೂ ಕಡಿಮೆ ಮಾಡಿದವರಲ್ಲ. ಆದರೆ ನಿಘಂಟಿನ ಆ ಪುಟವನ್ನು ನಾವಿಬ್ಬರೂ ತೆರೆಯದೇ ದಾಟಿ ಬಂದೆವು.

ಹೀಗಿರುವಾಗ ಆ ಶಬ್ದ ಸಾಲಿಯ ಕಾಂಪೌಂಡ್ ದಾಟಿ ನೇರ ನನ್ನ ತವರುಮನೆಗೇ ಬಂತು.

ನನ್ನ ತವರು ಕುಲಗೋಡ. ಅಲ್ಲಿ ಅಣ್ಣ ಶಿವಪ್ಪ, ವೈನಿ, ಅವರ ಒಬ್ಬನೇ ಮಗ ಈರಣ್ಣ. ಕಬ್ಬಿನ ಹೊಲ, ನೀರಿನ ಬಾವಿ, ಟ್ರ್ಯಾಕ್ಟರ್, ಹಟ್ಟಿ ತುಂಬ ಎಮ್ಮೆಗಳು, ಯಾವುದಕ್ಕೂ ಕೊರತೆಯಿಲ್ಲ. ಈರಣ್ಣ ಡಿಗ್ರಿ ಓದಿದವನು, ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇಷ್ಟಿದ್ದೂ ಅವನಿಗೆ ಕನ್ಯೆ ಸಿಗುತ್ತಿರಲಿಲ್ಲ. ಇದು ಅವನೊಬ್ಬನ ಕಥೆಯಲ್ಲ, ನಮ್ಮ ಕಡೆ ಈಗ ಹೊಲ ಮಾಡುವ ಹುಡುಗರೆಲ್ಲರ ಕಥೆ. ಹಿಂದೆ ಹೆಣ್ಣಿನ ಕಡೆಯವರು, “ಹೊಲಾ ಎಷ್ಟ್ ಐತ್ರಿ?” ಎಂದು ಕೇಳುತ್ತಿದ್ದರು. ಈಗ, “ಹೊಲದಾಗ ಯಾರ್ ದುಡೀತಾರ್ರಿ?” ಎಂದು ಕೇಳುತ್ತಾರೆ. “ನಮ್ಮ ಹುಡುಗ” ಎಂದರೆ ಮಾತು ಹವಾಮಾನದ ಕಡೆ ತಿರುಗುತ್ತದೆ. ಸಾಹೇಬರ ಆಫೀಸಿನಲ್ಲಿ ಫೈಲು ಹೊರುವವನಾದರೂ ಸರಿ, ತಿಂಗಳಿಗೊಮ್ಮೆ ಪಗಾರ ಬರಬೇಕು. ಅಣ್ಣ ಅಥಣಿಯಿಂದ ರಾಮದುರ್ಗದವರೆಗೆ ಒಂದೂರು ಬಿಡದೆ ಅವಲಕ್ಕಿ ತಿಂದು ಬಂದಿದ್ದ. ವೈನಿಯಂತೂ, “ಸೊಸಿ ಬರೂದ್ರೊಳಗ ನನ್ನ ಹಲ್ಲ ಉದರತಾವ” ಎನ್ನುತ್ತಿದ್ದಳು. ಈರಣ್ಣ ಗೆಳೆಯರ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದ.

ಆಗ ಹುಕ್ಕೇರಿ ತಾಲೂಕಿನ ಕಣಗಲಾದಿಂದ ಒಂದು ಸುದ್ದಿ ಬಂತು. ಹುಡುಗಿಯ ಹೆಸರು ಅಶ್ವಿನಿ, ಡಿ.ಫಾರ್ಮಾ ಕಲಿತವಳು, ದಿನಾ ಬಸ್ಸಿನಲ್ಲಿ ಹೋಗಿ ಹುಕ್ಕೇರಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಪ್ಪನೂ ರೈತನೇ, ಹೊಲ ಮಾಡುವ ಹುಡುಗ ಬೇಡ ಎಂದು ಆತ ಹೇಳಿರಲಿಲ್ಲ. ಅಷ್ಟೇ ಸಾಕಾಯಿತು. ಓದಿದ ಹುಡುಗಿ, ಏನಾದರೂ ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟರೆ ಎಂಬ ಭಯಕ್ಕೆ ಅಣ್ಣ ನನ್ನನ್ನೂ ಕರೆದುಕೊಂಡ. ಊರಿನ ದಸ್ತಗೀರನ ಬಾಡಿಗೆ ಗಾಡಿ ಕ್ರೂಸರಿನಲ್ಲಿ ಎಲ್ಲರೂ ಹೋದೆವು. ದಸ್ತಗೀರ ನಮ್ಮ ಅಣ್ಣನ ಸಾಲಿಯ ಗೆಳೆಯ. ಈರಣ್ಣನಿಗೆ ಕನ್ಯೆ ನೋಡಲು ಗಾಡಿ ಹೊಡೆದೂ ಹೊಡೆದೂ ಅವನಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚು ಕಾಳಜಿ ಬಂದುಬಿಟ್ಟಿತ್ತು.

ಎಲ್ಲ ಕ್ರಮದಂತೆ ನಡೆಯಿತು. ಹುಡುಗಿ ಬಂದಳು, ಚಹಾ ಕೊಟ್ಟಳು, ಕುಳಿತಳು. ವೈನಿ ಹೆಸರು ಕೇಳಿದಳು, ಅಣ್ಣ ಸಾಲಿ ಕೇಳಿದ. ಇನ್ನು ಹುಡುಗಿ ಒಳಗೆ ಹೋಗಬೇಕು. ಅವಳು ಹೋಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು: “ಟೀಚರ್, ನೀವು ಇಂಗ್ಲಿಷ್ ಕಲಸ್ತೀರಂತ ಹೇಳಿದ್ರು. ‘ವೂ’ ಅಂತ ಒಂದು ಶಬ್ದ ಐತಲ್ರಿ? ನನಗ ಅದು ಬೇಕ್ರಿ. ಒಂದ್ ಕಪ್ ಚಾ ಕುಡ್ಯೂದ್ರೊಳಗ ನಾ ಹೂಂ ಅನ್ನಾಂಗಿಲ್ಲ. ಇವ್ರು ಒಂದೀಟು ದಿನಾ ನನ್ನ ವೂ ಮಾಡ್ಲಿ. ಆಮ್ಯಾಗ ಹೇಳತೇನಿ.” ಇಷ್ಟು ಹೇಳಿ, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ಅವಳಪ್ಪ, “ಒಬ್ಬಾಕಿನ ಮಗಳ್ರಿ, ಸಲಿಗಿ ಜಾಸ್ತಿ ಆಗೈತಿ, ಮನಸಿನ್ಯಾಗ ಇಟಗೋಬ್ಯಾಡ್ರಿ” ಎಂದು ಕೈ ಹೊಸಕಿದ. ಉಳಿದವರೆಲ್ಲ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಈರಣ್ಣ ತಲೆ ಬಗ್ಗಿಸಿಯೇ ಇದ್ದ, ಆದರೆ ಅವನ ಕಿವಿಗಳೆರಡೂ ಕೆಂಪಾಗಿದ್ದವು.

ಗಾಡಿ ಕಣಗಲಾದ ಅಗಸಿಬಾಗಿಲು ದಾಟಿತೋ ಇಲ್ಲವೋ, ಅಣ್ಣ ಶುರುಮಾಡಿದ. “ಏನಂತದು? ಆ ಹುಡುಗಿ ಕೇಳಿದ್ದು ಏನು? ತಿಳಿಯುವಂಗ ಹೇಳು.” ಅಣ್ಣನೆದುರು, ವೈನಿಯೆದುರು, ಸ್ಟೀರಿಂಗ್ ಹಿಡಿದು ಕಿವಿಯನ್ನೆಲ್ಲ ಹಿಂದಕ್ಕೆ ಕೊಟ್ಟ ದಸ್ತಗೀರನೆದುರು, ಮದುವೆಯಾಗಬೇಕಾದ ಹುಡುಗನೆದುರು ‘ಪ್ರಣಯ ಯಾಚಿಸು’ ಎನ್ನಲು ನನಗೆ ಬಾಯಿ ಬರಲಿಲ್ಲ. ಹುಡುಗರಿಗೆ ಹೇಳುವುದನ್ನೇ ಹೇಳಿದೆ. “ಕಬ್ಬ ಕಡಿಮಿ ಇದ್ದಾಗ ಫ್ಯಾಕ್ಟರಿಯವ್ರು ರೈತರನ್ನ ಒಲಿಸಿಕೊಳ್ತಾರ ನೋಡು, ಅದಕ್ಕ ವೂ ಅಂತಾರ.” ಅಣ್ಣನ ಮುಖ ಬೆಳಗಿತು. “ಇಷ್ಟ ಏನ? ನಾ ಎಲ್ಲಿ ಏನೋ ಅನಕೊಂಡಿದ್ನೆ. ಇದನ್ನ ನನಗ ಹೇಳಬೇಕಾ? ಹ್ವಾದ ವರ್ಷ ನನ್ನ ಆ ಫೀಲ್ಡ್‌ಮನ್ ಎಷ್ಟು ವೂ ಮಾಡ್ಯಾನ!”

ಫೀಲ್ಡ್‌ಮನ್ ಎಂದರೆ ಕಾರ್ಖಾನೆಯ ಪರವಾಗಿ ಊರೂರು ತಿರುಗಿ ಕಬ್ಬು ನೋಡಿಕೊಳ್ಳುವವನು. ಕಬ್ಬು ಹೆಚ್ಚಾದ ವರ್ಷ ಆತ ಎದುರಿಗೆ ಬಂದರೂ ಗುರುತು ಹಿಡಿಯುವುದಿಲ್ಲ. ಕಡಿಮೆಯಾದ ವರ್ಷ ಮನೆಗೇ ಬರುತ್ತಾನೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಾನೆ, ಮುದುಕಿಯರ ಮೊಣಕಾಲು ವಿಚಾರಿಸುತ್ತಾನೆ, ಎಮ್ಮೆಯ ಬೆನ್ನು ಸವರುತ್ತಾನೆ, ನಿಮ್ಮಂಥ ಕಬ್ಬು ಈ ಭಾಗದಲ್ಲೇ ಇಲ್ಲ ಎನ್ನುತ್ತಾನೆ, ಏನೇ ಅಡಚಣೆಯಿದ್ದರೂ ನನಗೊಂದು ಫೋನ್ ಹಚ್ಚಿರಿ, ಬೇರೆ ಕಾರ್ಖಾನೆಗೆ ಮಾತ್ರ ಕಬ್ಬು ಕೊಡಬೇಡಿರಿ ಎನ್ನುತ್ತಾನೆ. ಅಣ್ಣ ಇದೆಲ್ಲವನ್ನೂ ಕಂಡುಂಡವನು. “ಹಂಗಾದ್ರ ಈರಣ್ಣ ಆ ಹುಡುಗಿ ಜೋಡಿ ಮಾತಾಡಾಕ ಹೋಗಬೇಕಲ್ಲ?” ಎಂದು ನಾನು ಮೆಲ್ಲಗೆ ಹೇಳಿದೆ. ಅಣ್ಣ ಒಪ್ಪಲಿಲ್ಲ. “ಹುಡುಗ ಯಾಕ ಹೋಗಬೇಕು? ಫ್ಯಾಕ್ಟರಿ ಮಾಲಕ ತಾನ ಬಂದು ಕಟ್ಟಿ ಮ್ಯಾಲ ಕುಂಡ್ರತಾನೇನ? ಮಂದಿನ ಕಳಸ್ತಾನ. ಲಗ್ನ ಆಗೂಕಿನ ಮೊದಲ ಹುಡುಗ ಒಬ್ಬನ ಹೋಗಿ ನಿಂತ್ರ ಊರಾಗ ಏನಂದಾರು? ಹಿರ್ಯಾರು ನಾವ ಅದೀವಲ್ಲ, ನಾವ ಮಾಡತೇವಿ ವೂ.” ವೈನಿ ಹೌದೆಂದಳು. ದಸ್ತಗೀರ, “ನಂದೂ ಒಂದ್ ಪಾಳಿ ಇರ್ಲಿ” ಎಂದ. ನಾನು ಅಲ್ಲೇ ತಿದ್ದಬೇಕಿತ್ತು. ಸಾಲಿಯಲ್ಲಿ ಒಂದು ಕಾಮಾ ತಪ್ಪಿದರೂ ಕೆಂಪು ಗೆರೆ ಎಳೆಯುವವಳು ಅಣ್ಣನೆದುರು ಬೆಕ್ಕಿನಂತೆ ಕುಳಿತೆ.

ಮರುವಾರದಿಂದ ಹುಕ್ಕೇರಿಯ ಆ ಔಷಧಿ ಅಂಗಡಿಗೆ ಕುಲಗೋಡದ ಗಿರಾಕಿಗಳು ಹೆಚ್ಚಾದರು. ಮೊದಲು ವೈನಿ ಹೋದಳು. ಗೋಕಾಕದಲ್ಲಿ ಇಳಿದು, ಒಂದು ಡಬ್ಬಿ ಕರದಂಟು ಕೊಂಡು, ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟಿದಳು. ಮೊಣಕಾಲಿಗೆ ಹಚ್ಚುವ ಮುಲಾಮು ಕೇಳಿದಳು, ಕರದಂಟು ಕೌಂಟರಿನ ಮೇಲಿಟ್ಟಳು. ಹಿಂದೆ ಕೆಮ್ಮುತ್ತ ನಿಂತವರನ್ನೆಲ್ಲ ಕಾಯಿಸಿ, ಈರಣ್ಣನಿಗೆ ಸಣ್ಣವನಿದ್ದಾಗ ಬಂದ ದಡಾರದಿಂದ ಹಿಡಿದು ಅವನ ಇಡೀ ಚರಿತ್ರೆ ಹೇಳಿದಳು. ಆಮೇಲೆ ಅಣ್ಣ ಹೋದ. ಅವನು ಫೀಲ್ಡ್‌ಮನ್ನನ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದನಂತೆ: “ನೀವು ನಮ್ಮವರ ಇದ್ದಂಗ. ನಿಮ್ಮದು ಏನ ಅಡಚಣಿ ಇದ್ರೂ ನನಗೊಂದು ಫೋನ್ ಹಚ್ರಿ. ಬ್ಯಾರೆ ಕಡೆ ಮಾತ್ರ ಕೊಡಾಕ ಹೋಗಬ್ಯಾಡ್ರಿ.” ಹೇಳಿ ಮುಗಿದ ಮೇಲೆ ಸುಮ್ಮನೆ ಬರುವುದು ಸರಿಯಲ್ಲವೆಂದು ಒಂದು ಬಾಟಲಿ ಕೆಮ್ಮಿನ ಔಷಧಿ ಕೊಂಡು ತಂದ. ಅವನಿಗೆ ಕೆಮ್ಮು ಇರಲಿಲ್ಲ. ದಸ್ತಗೀರ ಆ ಕಡೆ ಬಾಡಿಗೆ ಹೋದಾಗೆಲ್ಲ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ಬ್ಯಾಂಡೇಜ್ ಕೊಂಡು, “ಹುಡುಗ ಬಂಗಾರದಂಥಾಂವ ತಂಗಿ, ನಾ ಗ್ಯಾರಂಟಿ” ಎಂದು ಹೇಳಿ ಬರುತ್ತಿದ್ದ. ಕಡೆಗೆ ನಮ್ಮ ಯಜಮಾನರನ್ನೂ ಕಳಿಸಿದರು. ಇವರು ಹೋಗಿ, ಯಾರನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದೆ, ತೂಕ ನೋಡುವ ಯಂತ್ರದ ಮೇಲೆ ನಿಂತು, ತೂಕ ನೋಡಿಕೊಂಡು ಹಿಂತಿರುಗಿದರು. “ಏನ್ ಮಾತಾಡಿದ್ರಿ?” ಎಂದರೆ, “ಒಂದೀಟು ಇಳದೇನಿ” ಎಂದರು.

ಈ ನಡುವೆ ಈರಣ್ಣ ಏನು ಮಾಡುತ್ತಿದ್ದ? ಎಮ್ಮೆ ಹಿಂಡುತ್ತಿದ್ದ. ಮನೆಯವರೆಲ್ಲ ವೂ ಮಾಡಲು ಹೋದ ಮೇಲೆ ಹಟ್ಟಿ ನೋಡಿಕೊಳ್ಳಲು ಒಬ್ಬರಾದರೂ ಬೇಕಲ್ಲ.

ಒಂದು ಸಂಜೆ ಸಾಲಿ ಬಿಟ್ಟು ಮನೆಗೆ ಬರುವಾಗ ಫೋನು ಬಂತು. ಅಶ್ವಿನಿ. “ಟೀಚರ್, ನೀವಾದ್ರೂ ತಿಳದಾವ್ರು ಅನಕೊಂಡಿದ್ನಿ. ಏನ್ರಿ ಇದು? ನಿಮ್ಮ ಮನ್ಯಾಗ ಎಲ್ಲಾರೂ ಬಂದ್ರು, ಡ್ರೈವರೂ ಬಂದ್ರು. ಬರಬೇಕಾದಾಂವ ಒಬ್ಬಾಂವ ಬರಲಿಲ್ಲ. ನಮ್ಮ ಅಂಗಡಿ ಮಾಲಕ್ರು ಕೇಳಾಕತ್ತಾರು, ಕುಲಗೋಡದಾಗ ಏನರೆ ಬ್ಯಾನಿ ಬಂದೈತೇನು ಅಂತ.” ನಾನು ತಡವರಿಸುತ್ತ ನಮ್ಮ ಕಡೆಯ ರೀತಿ, ಹಿರಿಯರು, ಊರಿನವರ ಬಾಯಿ ಎಂದೆಲ್ಲ ಹೇಳಿದೆ. ಅವಳು ಸಮಾಧಾನದಿಂದಲೇ ಕೇಳಿದಳು. ಆಮೇಲೆ ಹೇಳಿದಳು: “ನಾ ಸಿನಿಮಾ ನೋಡಿ ಇದನ್ನ ಕೇಳಿಲ್ರಿ. ಅಂಗಡ್ಯಾಗ ದಿನಾ ನೋಡತೇನಿ. ಗಂಡಸ್ರು ಬಂದು ಹೇಂತಿಗೆ ಆರಾಮ ಇಲ್ಲ, ಗುಳಿಗಿ ಕೊಡ್ರಿ ಅಂತಾರ. ಏನ್ ಆಗೈತ್ರಿ ಅಂದ್ರ ಗೊತ್ತಿಲ್ಲ. ಎಲ್ಲಿ ನೋವು ಐತಿ, ಗೊತ್ತಿಲ್ಲ. ಎಷ್ಟ್ ದಿನಾ ಆತು, ಗೊತ್ತಿಲ್ಲ. ಮನಿಗೆ ಫೋನ್ ಮಾಡಿ ಕೇಳಿ ಹೇಳ್ತಾರ. ನನಗ ಅಂಥಾದ್ದು ಬ್ಯಾಡ್ರಿ. ಬಾಯಿ ಬಿಟ್ಟು ಮಾತಾಡಾಂವ ಬೇಕು, ಅಷ್ಟ.” ಕಡೆಗೆ ಇನ್ನೊಂದು ಮಾತು ಸೇರಿಸಿದಳು. ಬರುವ ಐತವಾರ ನಿಪ್ಪಾಣಿ ಕಡೆಯ ಇನ್ನೊಬ್ಬರು ನೋಡಲು ಬರುವವರಿದ್ದಾರೆ, ಹುಡುಗನಿಗೆ ನೌಕರಿ ಇದೆ, ಅಪ್ಪನ ಮನಸ್ಸು ಆ ಕಡೆ ವಾಲುತ್ತಿದೆ.

ಫೋನು ಇಟ್ಟ ಮೇಲೆ ನನಗೆ ನಿಜವಾಗಿ ನಾಚಿಕೆಯಾಯಿತು. ಹುಡುಗಿ ಕೇಳಿದ್ದು ಇಷ್ಟೇ ಇಷ್ಟು. ನಾವು ಕೊಟ್ಟದ್ದು ಒಂದು ಬಸ್ಸಿನಷ್ಟು ಮಂದಿ. ಕುಲಗೋಡಕ್ಕೆ ಹೋಗಿ, ಹಟ್ಟಿಯಲ್ಲಿದ್ದ ಈರಣ್ಣನನ್ನು ನೇರ ಕೇಳಿದೆ. “ಖರೇ ಹೇಳು. ಆ ಹುಡುಗಿ ನಿನಗ ಬೇಕೋ ಬ್ಯಾಡೋ?” ಅವನು ಹಾಲಿನ ಬಕೀಟು ಕೆಳಗಿಟ್ಟ. “ಬೇಕ ಅತ್ತಿ,” ಎಂದ. “ಆಕಿ ಬ್ಯಾರೆ ಕಡೆ ಹೋದ್ರ ನಾ ಮತ್ತ ಯಾವ ಕನ್ಯಾ ನೋಡಾಕೂ ಬರಾಂಗಿಲ್ಲ.” ಅಂಥದ್ದೇನು ಕಂಡೆ, ಕಣ್ಣು ಚಲೋ ಇವೆಯೇ ಎಂದೆ. “ಕಣ್ಣ ಎಲ್ಲಿ ನೋಡೇನಿ? ತಲಿ ಬಗ್ಗಿಸಿ ಕುಂತಿದ್ನೆಲ್ಲ. ಅಷ್ಟ್ ಮಂದಿ ನಡಕ ತನಗೇನ್ ಬೇಕು ಅನ್ನೂದನ್ನ ಆಕಿ ಕೇಳಿದ್ಲು ನೋಡ್ರಿ, ನನ್ನ ಎದಿ ಝಲ್ ಅಂತು. ನನಗ ಹಂಗ ಕೇಳಾಕ ಬರಾಂಗಿಲ್ಲ.”

ಇದನ್ನೇ ಹೋಗಿ ಅವಳಿಗೆ ಹೇಳು ಎಂದಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಲಿಸುವವರ ಕೈಗೆ ಒಬ್ಬ ಶಿಷ್ಯ ಸಿಕ್ಕರೆ ಸುಮ್ಮನೆ ಬಿಡುತ್ತಾರೆಯೇ? ಅಶ್ವಿನಿಗೆ ಫೋನು ಮಾಡಿ, ಶನಿವಾರ ಮಧ್ಯಾಹ್ನ ಗೋಕಾಕ ಫಾಲ್ಸಿಗೆ ಬರಲು ಒಪ್ಪಿಸಿದೆ. ಅಣ್ಣನಿಗೆ ಹೇಳಲಿಲ್ಲ. ಈರಣ್ಣನನ್ನು ಮೂಡಲಗಿಗೆ ಕರೆಸಿ, ನಮ್ಮ ಅಡುಗೆಮನೆಯಲ್ಲಿ ಕೂರಿಸಿ ಪಾಠ ಶುರುಮಾಡಿದೆ. ಮೊದಲು ಅವಳ ಹವ್ಯಾಸ ಕೇಳಬೇಕು. ಆಮೇಲೆ ಪ್ರಕೃತಿಯ ಬಗ್ಗೆ ಎರಡು ಮಾತು. ಎದುರಿಗೆ ಜಲಪಾತ ಇರುತ್ತದೆ, ವಿಷಯ ಹುಡುಕಬೇಕಿಲ್ಲ. ಎಮ್ಮೆಯ ಮಾತು ಎತ್ತಕೂಡದು. ಕಬ್ಬಿನ ಮಾತು ಎತ್ತಲೇಕೂಡದು. ‘ನನ್ನ ಕನಸುಗಳು’ ಎಂದು ಒಂದು ಕಡೆ ಬರಬೇಕು, ಅದನ್ನು ಹೇಳುವಾಗ ದೂರ ನೋಡಬೇಕು. ಕೆಮ್ಮು ಬಂದರೆ ಬಲಕ್ಕೆ ತಿರುಗಬೇಕು. “ಯಾಕ ಅತ್ತಿ, ಬಲಕ್ಕ ಯಾಕ?” ಎಂದ. “ಆಕಿ ಎಡಕ್ಕ ಕುಂತಿರ್ತಾಳ” ಎಂದೆ. “ಆಕಿ ಬಲಕ್ಕ ಕುಂತ್ರ?” ಎಂದ. ಇಂಥ ಪ್ರಶ್ನೆಗಳನ್ನು ನಾನು ಸಾಲಿಯಲ್ಲೂ ಪ್ರೋತ್ಸಾಹಿಸುವುದಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಯಜಮಾನರು, ತಮಗೆ ಇದೆಲ್ಲ ತಪ್ಪಿದ್ದಕ್ಕೆ ದೇವರಿಗೆ ಕೈ ಮುಗಿಯುವವರಂತೆ ಒಳಗೆ ಹೋದರು.

ಶನಿವಾರ ಫಾಲ್ಸಿನಲ್ಲಿ ಹೆಚ್ಚು ನೀರಿರಲಿಲ್ಲ. ಮಳೆಗಾಲದಲ್ಲಿ ಮಾತೇ ಕೇಳಿಸದಷ್ಟು ಸದ್ದು ಮಾಡುವ ಘಟಪ್ರಭೆ, ಬಂಡೆಯ ಮೇಲೆ ಎರಡು ಎಳೆಯಾಗಿ ಇಳಿಯುತ್ತಿದ್ದಳು. ಅಶ್ವಿನಿ ತನ್ನ ಚಿಕ್ಕಪ್ಪನ ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಜಾಣೆ ಹುಡುಗಿ ಬಂದ ಕೂಡಲೇ ಫೋಟೋ ತೆಗೆಯುವ ನೆಪದಲ್ಲಿ ಬೇರೆ ಕಡೆ ನಡೆದಳು. ಈರಣ್ಣ, ಅಶ್ವಿನಿ ಒಂದು ಕಟ್ಟೆಯ ಮೇಲೆ ಕುಳಿತರು. ನಾನು, ನಮ್ಮ ಯಜಮಾನರು ಅಷ್ಟು ದೂರದ ಚಹಾದಂಗಡಿಯಲ್ಲಿ ಕುಳಿತೆವು. ಮಾತು ಕೇಳಿಸುತ್ತಿರಲಿಲ್ಲ, ಮುಖ ಕಾಣುತ್ತಿತ್ತು. ಪರೀಕ್ಷೆಯ ಕೋಣೆಯ ಹೊರಗೆ ನಿಂತ ತಾಯಿಗಿಂತ ಹೆಚ್ಚಾಗಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇವರು ಮಿರ್ಚಿ ಭಜಿ ತಿನ್ನುತ್ತಿದ್ದರು.

ಈರಣ್ಣ ಗಂಟಲು ಸರಿಮಾಡಿಕೊಂಡು ಏನೋ ಹೇಳಿದ. ಅಶ್ವಿನಿ ಹುಬ್ಬು ಏರಿಸಿದಳು. ಅವನು ಬೆರಳು ಮಡಚುತ್ತ ಮತ್ತೇನೋ ಹೇಳಿದ, ಜಲಪಾತದ ಕಡೆ ಕೈ ಮಾಡಿದ. ಅವಳು ನಕ್ಕಳು. ಅವನು ದೂರ ನೋಡಿದ. ಅವಳು ಮತ್ತೂ ನಕ್ಕಳು. ಆಮೇಲೆ ಅವನು ಬಲಕ್ಕೆ ತಿರುಗಿ ಕೆಮ್ಮಿದ. ಅವಳು ಸೆರಗಿನಂತೆ ದುಪ್ಪಟ್ಟಾವನ್ನು ಬಾಯಿಗೆ ಒತ್ತಿ ಹಿಡಿದು, ಕಟ್ಟೆಯ ಮೇಲೆ ಬಾಗಿ ಬಾಗಿ ನಕ್ಕಳು. ಆ ಕಡೆ ಈ ಕಡೆಯವರು ತಿರುಗಿ ನೋಡಿದರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು, ಒಮ್ಮೆ ಅವನು, ಒಮ್ಮೆ ಅವಳು, ಬಸ್ಸಿನ ಹೊತ್ತಾಗುವವರೆಗೆ. ನಾನು ಯಜಮಾನರ ಕಡೆ ನೋಡಿ, “ನೋಡಿದ್ರಿ? ಹೇಳಿಕೊಟ್ಟದ್ದು ಒಂದೂ ಬಿಟ್ಟಿಲ್ಲ” ಎಂದೆ. ಅಂದು ನನ್ನ ನೆತ್ತಿ ಆಕಾಶಕ್ಕೆ ತಾಗುತ್ತಿತ್ತು.

ಐತವಾರ ನಿಪ್ಪಾಣಿಯವರು ಬರಲಿಲ್ಲ. ಬರಬೇಡಿರೆಂದು ಅಶ್ವಿನಿಯೇ ಅಪ್ಪನಿಂದ ಫೋನು ಮಾಡಿಸಿದ್ದಳು. ಸೋಮವಾರ ಕಣಗಲಾದಿಂದ ಅಣ್ಣನಿಗೆ ಸುದ್ದಿ ಬಂತು: ಹುಡುಗಿ ಹೂಂ ಅಂದಿದ್ದಾಳೆ, ದಿನ ನೋಡಿಕೊಂಡು ಬನ್ನಿರಿ. ವೈನಿ ಅತ್ತಳು. ಅಣ್ಣ ಊರೆಲ್ಲ ಪೇಢೆ ಹಂಚಿ, ತನ್ನ ವೂ ಫಲಿಸಿತೆಂದು ಕಟ್ಟೆಗೆ ಬಂದವರಿಗೆಲ್ಲ ವಿವರಿಸಿದ. ದಸ್ತಗೀರ ಬ್ಯಾಂಡೇಜಿನ ಲೆಕ್ಕ ಹೇಳಿದ. ನಾನು ಒಳಗೊಳಗೇ ನಕ್ಕೆ. ಕೆಲಸ ಮಾಡಿದ್ದು ಯಾವುದು ಎಂದು ನನಗೆ ಗೊತ್ತಿತ್ತಲ್ಲ.

ನಿಶ್ಚಿತಾರ್ಥದ ದಿನ ಅಶ್ವಿನಿ ಎಲ್ಲರಿಗೂ ನಮಸ್ಕಾರ ಮಾಡುತ್ತ ಬಂದಳು. ಅಣ್ಣನಿಗೆ ಮಾಡಿದಳು, ವೈನಿಗೆ ಮಾಡಿದಳು, ಮುಖ ಗಂಭೀರವಾಗಿಯೇ ಇತ್ತು. ನನ್ನ ಕಾಲು ಮುಟ್ಟಲು ಬಾಗಿದವಳು ಬಾಗಿದಲ್ಲೇ ಉಳಿದಳು. ಅವಳ ಹೆಗಲು ಕುಲುಕುತ್ತಿತ್ತು. ತವರು ಬಿಡಬೇಕಲ್ಲ ಎಂದು ಅಳುತ್ತಿದ್ದಾಳೆಂದು ನಾನು ಗಾಬರಿಯಾಗಿ ಎತ್ತಿದರೆ, ಹುಡುಗಿ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. “ಏನಾತ ತಂಗಿ?” ಎಂದೆ. “ತಪ್ಪ ತಿಳೀಬ್ಯಾಡ್ರಿ ಅತ್ತಿ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ನಿಮ್ಮನ್ನ ನೋಡಿದ್ರ ಬಲಕ್ಕ ತಿರುಗೂದ ನೆನಪಾಗತೈತಿ. ಅವತ್ತ ಇವ್ರು ಬಂದು ಕುಂತಾವ್ರನ ಏನಂದ್ರು ಗೊತ್ತೈತ್ರಿ? ‘ನಮ್ಮತ್ತಿ ಒಂದಿಷ್ಟು ಹೇಳಿಕೊಟ್ಟಾಳ, ಮೊದಲ ಅದನ್ನೆಲ್ಲಾ ಹೇಳಿ ಮುಗಸ್ತೇನಿ. ಆಮ್ಯಾಗ ನಾವಿಬ್ರೂ ಮಾತಾಡೂಣು’ ಅಂದ್ರು. ನೀವು ಹೇಳಿದ್ದು ಒಂದೊಂದ ಹೇಳೂದು, ಇಬ್ರೂ ನಗೂದು. ಅದು ಮುಗಿಯೂದ್ರೊಳಗ ನನ್ನ ಹೆದರಿಕಿ ಹೋಗಿತ್ತು, ಅವ್ರದೂ ಹೋಗಿತ್ತು. ಎಮ್ಮಿ ಮಾತು, ಕಬ್ಬಿನ ಮಾತು ಎಲ್ಲಾ ಆಮ್ಯಾಗ ಬಂತ್ರಿ. ಬಾಳ ಚಲೋ ಮಾತಾಡ್ತಾರು.”

ಹುಡುಗಿ ಕೇಳಿದ್ದು ಬಾಯಿ ಬಿಟ್ಟು ಮಾತಾಡುವ ಗಂಡನನ್ನು, ಅಂಥವನೇ ಸಿಕ್ಕಿದ್ದ. ಎರಡು ಮನೆಗಳೂ ಸಂತೋಷದಲ್ಲಿದ್ದವು. ನನಗೂ ಸಂತೋಷವಾಗಿತ್ತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಅವಳ ತಲೆಯ ಮೇಲೆ ಕೈಯಿಟ್ಟೆ. ಹಿಂದಿನಿಂದ ಈರಣ್ಣ, “ಅತ್ತಿ, ಸಿಟ್ಟಾಗಬ್ಯಾಡ್ರಿ” ಎಂದು ಪಿಸುಗುಟ್ಟಿದ. ಸಿಟ್ಟಾಗಲು ಸಮಯವೇ ಇರಲಿಲ್ಲ. ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಈ ಕಥೆ ಎರಡೂ ಕಡೆಯ ಬೀಗರಿಗೆ, ಅಡುಗೆಯವರಿಗೆ, ಕ್ರೂಸರಿನಲ್ಲಿ ಮಲಗಿದ್ದ ದಸ್ತಗೀರನಿಗೆ ತಲುಪಿ ಆಗಿತ್ತು.

ಈಗ ಐತವಾರ ಬಂತೆಂದರೆ ನಮ್ಮ ಮನೆಯ ಮುಂದೆ ಒಂದೋ ಎರಡೋ ಬೈಕು ನಿಲ್ಲುತ್ತವೆ. ಕುಲಗೋಡದವರು, ಮೂಡಲಗಿಯವರು, ಒಮ್ಮೆ ಗೋಕಾಕದಿಂದಲೂ ಬಂದಿದ್ದರು. ಹೊಲ ಮಾಡುವ ಹುಡುಗರು. ಮೊದಮೊದಲು, ನನ್ನ ಪಾಠದ ಕೀರ್ತಿ ಹಬ್ಬಿದೆ ಎಂದುಕೊಂಡೆ. ಆಮೇಲೆ ಒಬ್ಬ ಹುಡುಗನ ಅಪ್ಪ ಹೊರಗೆ ಚಪ್ಪಲಿ ಬಿಡುತ್ತ ಮಗನಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು: “ಅಕ್ಕೋರ ಮುಂದ ಒಂದ್ ತಾಸು ಕುಂತು ಕೇಳು. ಹುಡುಗಿ ಮುಂದ ಹೇಳಿ ನಗಾಕ ಏನರೆ ಸಿಗತೈತಿ.” ಕೇಳಿಸಿಯೂ ಕೇಳಿಸದಂತೆ ಬಾಗಿಲು ತೆರೆದೆ. ಹುಡುಗನನ್ನು ಅಡುಗೆಮನೆಯಲ್ಲಿ ಕೂರಿಸಿ, ಪ್ರಕೃತಿ, ಕನಸು, ಕೆಮ್ಮು, ಯಾವುದನ್ನೂ ಬಿಡದೆ ಹೇಳಿಕೊಟ್ಟೆ. ಈಗಲೂ ಬಂದವರಿಗೆಲ್ಲ ಮುಖ ಬಹಳ ಬಿಗಿಯಾಗಿಟ್ಟುಕೊಂಡೇ ಹೇಳುತ್ತೇನೆ. ನಾನು ಗಂಭೀರವಾಗಿ ಹೇಳಿಕೊಟ್ಟರೆ ಮಾತ್ರ ಹುಡುಗಿಯರು ನಕ್ಕು ಒಪ್ಪುತ್ತಾರಂತೆ.